ಶಸ್ತ್ರಕ್ರಿಯೆಗೆ ಮುನ್ನ ಉಪವಾಸವೇಕೆ?

ನಾಳೆ ಬೆಳಿಗ್ಗೆ ಶಸ್ತ್ರಕ್ರಿಯೆಯೆಂದರೆ ರಾತ್ರಿಯ ಊಟದ ಬಳಿಕ ಏನನ್ನೂ ತಿನ್ನಕೂಡದೆಂದು ವೈದ್ಯರು ವಿಧಿಸುತ್ತಾರೆ. ಕುಷ್ಟಗಿಯ ಕಡೆಯ ನಮ್ಮ ಜನಕ್ಕೆ ಏಕಾದಶಿ, ಶಿವರಾತ್ರಿಗಳ ಉಪವಾಸ ಹೊಸದಲ್ಲ. ಹೆಚ್ಚು ಹೊತ್ತು ಹಸಿದಷ್ಟೂ ಒಳ್ಳೆಯದೆಂದು ಭಾವಿಸುವವರೂ ಉಂಟು. ಈ ಭಾವನೆ ಸರಿಯಲ್ಲ. ವೈದ್ಯರಿಗೆ ಬೇಕಾದುದು ಬರಿದಾದ ಜಠರವೇ ಹೊರತು ಬಳಲಿದ ದೇಹವಲ್ಲ.

ಎಚ್ಚರವಿರುವಾಗ ಅನ್ನದ ಅಗುಳೊಂದು ಶ್ವಾಸನಾಳದತ್ತ ಜಾರಿದರೆ ಕೆಮ್ಮು ಅದನ್ನು ಹೊರದೂಡುತ್ತದೆ. ಅರಿವಳಿಕೆಯಲ್ಲಿ ಈ ಕಾವಲುಗಾರನೂ ನಿದ್ರಿಸುತ್ತಾನೆ. ನ್ಯೂಯಾರ್ಕಿನ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್ಸನ್ 44,016 ಗರ್ಭಧಾರಣೆಗಳ ದಾಖಲೆಗಳನ್ನು ಶೋಧಿಸಿ, ಜಠರದ ದ್ರವ್ಯ ಶ್ವಾಸಕೋಶಕ್ಕಿಳಿದ 66 ಪ್ರಸಂಗಗಳನ್ನು 1946ರಲ್ಲಿ ವರದಿಮಾಡಿದನು. ಗಟ್ಟಿ ಆಹಾರದಿಂದ ಉಸಿರುಕಟ್ಟಿ ಇಬ್ಬರು ಮಡಿದಿದ್ದರು. ಆ ಬಳಿಕ ಉಪವಾಸದ ಕಟ್ಟಳೆ ಬಿಗಿಯಾಯಿತು.

ಇನ್ನು ದೇಹದ ಲೆಕ್ಕವನ್ನು ನೋಡೋಣ. 60 ಕಿಲೋಗ್ರಾಂ ತೂಕದ ಮನುಷ್ಯನು ಸುಮ್ಮನೆ ಮಲಗಿದ್ದರೂ ಗಂಟೆಗೆ ಸುಮಾರು 60 ಕಿಲೋಕ್ಯಾಲೊರಿ, ಎಂದರೆ 70 ವಾಟಿನ ದೀಪದಷ್ಟು ಶಕ್ತಿಯನ್ನು ವ್ಯಯಿಸುತ್ತಾನೆ. ರಾತ್ರಿ ತಿಂದ ಜೋಳದ ರೊಟ್ಟಿಯ ಪಿಷ್ಟವು ಗ್ಲೂಕೋಸಾಗಿ, ಅದರ ಒಂದು ಪಾಲು ಗ್ಲೈಕೋಜನ್ ರೂಪದಲ್ಲಿ ಯಕೃತ್ತನ್ನು ಸೇರುತ್ತದೆ. ಈ ಕಣಜದ ಅಳತೆ ಸುಮಾರು 100 ಗ್ರಾಂ ಮಾತ್ರ. ಸ್ನಾಯುಗಳಲ್ಲಿ ಇದಕ್ಕಿಂತ ಹೆಚ್ಚಿನ ದಾಸ್ತಾನಿದ್ದರೂ ಅದು ಅವುಗಳ ಸ್ವಂತಕ್ಕೆ; ಗ್ಲೂಕೋಸಾಗಿಸಿ ರಕ್ತಕ್ಕೆ ಬಿಟ್ಟುಕೊಡಲು ಬೇಕಾದ ಕಿಣ್ವ ಅವುಗಳಲ್ಲಿಲ್ಲ. ಇತ್ತ ಮಿದುಳೊಂದೇ ಗಂಟೆಗೆ ಸುಮಾರು 5 ಗ್ರಾಂ ಗ್ಲೂಕೋಸನ್ನು ಬೇಡುತ್ತದೆ! ಒಂದು ದಿನದೊಳಗೆ ಯಕೃತ್ತಿನ ಕಣಜ ಬಹುಮಟ್ಟಿಗೆ ಬರಿದಾಗುತ್ತದೆ. ಅಷ್ಟರಲ್ಲಿಯೇ ದೇಹವು ಕೊಬ್ಬನ್ನು ಹೆಚ್ಚಾಗಿ ಉರಿಸುತ್ತ, ಸ್ನಾಯುವಿನ ಪ್ರೋಟೀನನ್ನು ಒಡೆದು ಗ್ಲೂಕೋಸನ್ನು ತಯಾರಿಸತೊಡಗಿರುತ್ತದೆ.

ಆರೋಗ್ಯವಂತನಿಗೆ ಒಂದು ದಿನದ ಇಂಥ ಉಪವಾಸದಿಂದ ಕೇಡಿಲ್ಲ. ಆದರೆ ಶಸ್ತ್ರಕ್ರಿಯೆಯ ಗಾಯವೂ ದೇಹವನ್ನು ಇದೇ ದಾರಿಗೆ ನೂಕುತ್ತದೆ. ಕಾರ್ಟಿಸಾಲ್, ಅಡ್ರಿನಲಿನ್‌ಗಳು ಹೆಚ್ಚುತ್ತವೆ. ರಕ್ತದ ಸಕ್ಕರೆಯನ್ನು ಜೀವಕೋಶಗಳೊಳಗೆ ಸೇರಿಸುವ ಇನ್ಸುಲಿನ್ನಿನ ಪ್ರಭಾವ ಕುಗ್ಗುತ್ತದೆ. ಸಕ್ಕರೆ ಏರುತ್ತದೆ, ಸ್ನಾಯು ಕರಗುತ್ತದೆ. ದೀರ್ಘ ಉಪವಾಸವು ಹೊರೆಯ ಮೇಲೆ ಹೊರೆ.

ನೀರು ಜಠರವನ್ನು ಬೇಗ ದಾಟುತ್ತದೆ, ಕೊಬ್ಬು ತಡಮಾಡುತ್ತದೆ. ಆದುದರಿಂದಲೇ ಅಮೆರಿಕದ ಅರಿವಳಿಕೆ ತಜ್ಞರ ಸಂಘವು 1999ರಲ್ಲಿ ಲಘು ಆಹಾರಕ್ಕೂ ಹಾಲಿಗೂ 6 ಗಂಟೆ, ಕರಿದ ಪದಾರ್ಥಗಳಿಗೆ 8 ಗಂಟೆ ಅಥವಾ ಇನ್ನೂ ಹೆಚ್ಚು, ನೀರಿನಂಥ ತಿಳಿದ್ರವಗಳಿಗೆ ಕೇವಲ 2 ಗಂಟೆ ಎಂದು ಗಡುವುಗಳನ್ನು ಬೇರ್ಪಡಿಸಿತು. ಹಾಲು ಬೆರೆತ ಚಹಾ ತಿಳಿದ್ರವವಲ್ಲವೆಂಬುದನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು. ಸ್ವೀಡನ್ನಿನ ವೈದ್ಯರು ಶಸ್ತ್ರಕ್ರಿಯೆಗೆ 2 ಗಂಟೆ ಮುಂಚೆ ಸಿಹಿಪಾನಕವನ್ನು ಕೊಟ್ಟು ನೋಡಿದಾಗ ಆಮೇಲೆ ಇನ್ಸುಲಿನ್ನಿನ ಪ್ರಭಾವ ಅಷ್ಟಾಗಿ ಕುಗ್ಗಲಿಲ್ಲ. ಮಧುಮೇಹಿಗಳಿಗೂ ತುರ್ತು ಶಸ್ತ್ರಕ್ರಿಯೆಗೂ ಈ ಗಡುವುಗಳು ಹೀಗೆಯೇ ಅನ್ವಯಿಸಲಾರವು. ಅಂಥವರ ಗಂಟೆಗಳನ್ನು ವೈದ್ಯರೇ ಗೊತ್ತುಮಾಡುತ್ತಾರೆ.