ಸಲಹೆ ಕೊಡೋರಿಗೂ ತರಗತಿ ಬೇಕು

"ಈ ಸಬ್ಜೆಕ್ಟ್ ಕಷ್ಟ ಆಗ್ತಿದೆ, ಡ್ರಾಪ್ ಮಾಡ್ಲಾ?" ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಅಡ್ವೈಸರ್‌ಗಳು ಪ್ರತಿ ಸೆಮಿಸ್ಟರ್ ಕೇಳುವ ಪ್ರಶ್ನೆ ಇದು. ಅಲ್ಲಿಯದೇ ಹುಡುಗನಿಗೆ "ಸರಿ, ಮುಂದಿನ ಸಲ ತಗೋ" ಅಂದರೆ ಎಷ್ಟೋ ಸಲ ನಡೆದೀತು. ಆದರೆ ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಎಫ್-1 ವೀಸಾದಲ್ಲಿ ಹೋದ ಹುಡುಗಿಗೂ ಅದೇ ಮಾತು ಹೇಳಿದರೆ?

ಪೂರ್ಣಾವಧಿ ಓದಬೇಕು ಅನ್ನೋದು ಆ ವೀಸಾದ ಷರತ್ತು. ಪದವಿ ಹಂತದಲ್ಲಿ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್, ಎಂ.ಎಸ್. ಹಂತದಲ್ಲಿ ಬಹಳ ಕಡೆ 9. ವೀಸಾ ದಾಖಲೆ ನೋಡಿಕೊಳ್ಳುವ ಡಿಎಸ್‌ಒ ಅಧಿಕಾರಿಯ ಅನುಮತಿಯನ್ನು ಮೊದಲೇ ಪಡೆಯದೆ ಅದಕ್ಕಿಂತ ಕೆಳಗಿಳಿದರೆ ಅಲ್ಲಿರುವ ಹಕ್ಕಿಗೇ ಕುತ್ತು. ಅಡ್ವೈಸರ್ ಎಷ್ಟೇ ಒಳ್ಳೆಯವರಾಗಿರಲಿ, ಈ ನಿಯಮ ಗೊತ್ತಿರದಿದ್ದರೆ ಅವರ ಕನಿಕರವೇ ವಿದ್ಯಾರ್ಥಿಗೆ ಮುಳುವಾಗಬಹುದು.

ಮೂರು ಪಾಠ

ಅದಕ್ಕೇ ಅಲ್ಲಿ ಸಲಹೆಗಾರರಿಗೂ ತರಬೇತಿ, ಸಭೆ, ಸಮ್ಮೇಳನ ಇವೆ. 1977ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಇವರ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರಿಂದ 1979ರಲ್ಲಿ 'ನಕಾಡಾ' ಎಂಬ ಸಂಘ ಹುಟ್ಟಿತು. ಸಲಹೆಗಾರರು ಮೂರು ವಿಷಯ ಕಲಿಯಬೇಕು ಅನ್ನುತ್ತದೆ ಈ ಸಂಘ: ಸಲಹೆ ಅಂದರೇನು ಎಂಬ ತಿಳಿವಳಿಕೆ, ನಿಯಮಗಳ ಮಾಹಿತಿ, ಎದುರಿಗೆ ಕೂತವರ ಜೊತೆ ಮಾತಾಡುವ ರೀತಿ.

ಮಾಹಿತಿ ಅಂದರೆ ವೀಸಾ, ಕ್ರೆಡಿಟ್ ಅಷ್ಟೇ ಅಲ್ಲ. 1974ರ 'ಫೆರ್ಪಾ' ಕಾನೂನಿನ ಪ್ರಕಾರ, ಸಾಮಾನ್ಯವಾಗಿ ಕಾಲೇಜು ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಅಂಕಗಳನ್ನು ಹೆತ್ತವರಿಗೂ ಹೇಳುವಂತಿಲ್ಲ. "ನನ್ನ ಮಗನ ಮಾರ್ಕ್ಸ್ ಎಷ್ಟು?" ಎಂದು ಫೋನ್ ಮಾಡುವ ಅಪ್ಪನಿಗೆ ಬೇಜಾರಾಗದಂತೆ 'ಇಲ್ಲ' ಅನ್ನೋದನ್ನೂ ಕಲಿಯಬೇಕು!

ಸಾಫ್ಟ್‌ವೇರ್ ಸಾಲದು

ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2012ರಲ್ಲಿ ಒಂದು ವ್ಯವಸ್ಥೆ ತಂದಿತು. ವಿದ್ಯಾರ್ಥಿ ತಪ್ಪು ಕೋರ್ಸಿಗೆ ಸೇರಿದರೆ ಅಥವಾ ಮುಖ್ಯ ವಿಷಯದಲ್ಲಿ ಹಿಂದೆ ಬಿದ್ದರೆ ಅಡ್ವೈಸರ್‌ಗೆ ಅಲರ್ಟ್ ಹೋಗುತ್ತದೆ. ನಮ್ಮಂಥ ಐಟಿಯವರಿಗೆ ಇಷ್ಟವಾಗುವ ಕಥೆ ಇದು. ಆದರೆ ಆ ವಿಶ್ವವಿದ್ಯಾಲಯ ಬರೀ ಸಾಫ್ಟ್‌ವೇರ್ ಕೊಂಡು ಸುಮ್ಮನಾಗಲಿಲ್ಲ, ಅಡ್ವೈಸರ್‌ಗಳ ಸಂಖ್ಯೆಯನ್ನೂ ಹೆಚ್ಚಿಸಿತು. ಅಲರ್ಟ್ ಬಂದಮೇಲೆ ಹುಡುಗನನ್ನು ಕರೆದು, ಬೈಯದೆ, "ಏನಾಯ್ತು?" ಅಂತ ಕೇಳೋಕೆ ಮನುಷ್ಯರೇ ಬೇಕಲ್ಲ.

ನಮ್ಮಲ್ಲಿ?

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಕ್ಟರ್, ಮೆಂಟರ್ ಅಂತ ಇರ್ತಾರೆ. ಎಷ್ಟೋ ಕಡೆ ಈ ಭೇಟಿ ಅಂದರೆ ಅಟೆಂಡೆನ್ಸ್ ಶಾರ್ಟೇಜ್ ನೋಡಿ, ಪುಸ್ತಕಕ್ಕೆ ಸಹಿ ಹಾಕಿ, "ಚೆನ್ನಾಗಿ ಓದಪ್ಪ" ಅನ್ನೋದು. ತಪ್ಪು ಮೇಷ್ಟ್ರದ್ದಲ್ಲ. ಪಾಠ, ಲ್ಯಾಬ್, ಪೇಪರ್ ವ್ಯಾಲ್ಯುಯೇಷನ್ ನಡುವೆ ಈ ಕೆಲಸವನ್ನೂ ಅವರ ಹೆಗಲಿಗೆ ಹಾಕಿರುತ್ತಾರೆ. ಮಾಡೋದು ಹೇಗೆ ಅಂತ ಹೇಳಿಕೊಟ್ಟವರು ಕಡಿಮೆ.

ಈಗ ಓಪನ್ ಎಲೆಕ್ಟಿವ್, ಮೈನರ್ ಡಿಗ್ರಿ, 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಆಯ್ಕೆಗಳು ಹೆಚ್ಚಿವೆ. ಆಯ್ಕೆ ಹೆಚ್ಚಾದಷ್ಟೂ ಎಡವುವ ಸಾಧ್ಯತೆಯೂ ಹೆಚ್ಚು. ಸೆಮಿಸ್ಟರ್‌ಗೆ ಒಂದು ದಿನ ಮೆಂಟರ್‌ಗಳೆಲ್ಲ ಕೂತು, ಬದಲಾದ ನಿಯಮ ಓದಿ, ಹೆಸರು ಮುಚ್ಚಿಟ್ಟು ನಾಲ್ಕು ಕೇಸ್ ಚರ್ಚಿಸಿದರೆ ಹೆಚ್ಚು ಖರ್ಚೇನಿಲ್ಲ.

ವಿದ್ಯಾರ್ಥಿಗಳೂ ಒಂದು ಕೆಲಸ ಮಾಡಬಹುದು. ಕೋರ್ಸ್ ಬಿಡುವ ಮುನ್ನ ಮೂರು ಪ್ರಶ್ನೆ ಕೇಳಿ: ನನ್ನ ಕ್ರೆಡಿಟ್ ಎಷ್ಟು ಉಳಿಯುತ್ತೆ? ಈ ಕೋರ್ಸ್ ಮತ್ತೆ ಯಾವಾಗ ಬರುತ್ತೆ? ವೀಸಾ ಅಥವಾ ಸ್ಕಾಲರ್‌ಶಿಪ್‌ಗೆ ತೊಂದರೆ ಇದೆಯಾ? ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ವಿದೇಶದಲ್ಲಿ ಓದ್ತಿರೋ ತಮ್ಮನೋ ತಂಗಿಯೋ ಇದ್ದರೆ ಇವತ್ತೇ ಅವರಿಗೂ ತಿಳಿಸಿಬಿಡಿ.