ದಾರಿಯಲ್ಲಿ ಬಿದ್ದವನು

ನೆರೆಮನೆಯ ಹುಡುಗ ಕೆಟ್ಟನೆಂಬ ಸುದ್ದಿ ಬಂದಾಗ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ನಿರಾತಂಕವಾಗಿ ತೀರ್ಪುಕೊಡುವ ಅಜ್ಜಿಯೇ, ತನ್ನ ಮೊಮ್ಮಗನೂ ಅದೇ ಹಾದಿ ಹಿಡಿದನೆಂದು ತಿಳಿದೊಡನೆ ‘ಸಹವಾಸದೋಷದಿಂದ ಸನ್ಯಾಸಿ ಕೆಟ್ಟ’ ಎಂದು ನಿಟ್ಟುಸಿರಿಡುತ್ತಾಳೆ. ಎರಡು ಗಾದೆಗಳೂ ನಮ್ಮವೇ. ಯಾವುದನ್ನು ಯಾರಿಗೆ ಅನ್ವಯಿಸುತ್ತೇವೆಂಬುದರಲ್ಲಿಯೇ ಸ್ವಾರಸ್ಯವಿರುವುದು. ಪರರ ನಡತೆಗೆ ಸ್ವಭಾವವನ್ನು ಹೊಣೆಮಾಡಿ ಸನ್ನಿವೇಶದ ಕೈವಾಡವನ್ನು ಕಡೆಗಣಿಸುವ ಈ ಪ್ರವೃತ್ತಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ರಾಸ್ 1977ರಲ್ಲಿ ‘ಮೂಲಭೂತ ಆರೋಪಣ ದೋಷ’ವೆಂದು ನಾಮಕರಣ ಮಾಡಿದರು, ಹೆಸರು ಘನವಾದುದು, ದೋಷವೋ ಅಜ್ಜಿಗಿಂತ ಹಳೆಯದು.

ಸ್ವಭಾವವು ನಾವು ನಂಬಿರುವಷ್ಟು ಬಲವತ್ತರವೇ ಎಂಬುದನ್ನು ಒರೆಗೆ ಹಚ್ಚಿದ ಪ್ರಯೋಗಗಳಲ್ಲಿ, ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬವರು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದುದಕ್ಕಿಂತ ಮಾರ್ಮಿಕವಾದುದನ್ನು ನಾನು ಕಾಣೆ. ಕ್ರೈಸ್ತ ಧರ್ಮಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿದ್ದ 40 ಮಂದಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ, ಮತ್ತೊಂದು ಕಟ್ಟಡಕ್ಕೆ ಹೋಗಿ ಕಿರುಭಾಷಣ ಮಾಡಬೇಕೆಂದು ಕಳುಹಿಸಲಾಯಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಕೊಟ್ಟ ವಿಷಯವಾದರೋ, ಕಳ್ಳರಿಂದ ಪೆಟ್ಟುತಿಂದು ದಾರಿಯಲ್ಲಿ ಬಿದ್ದವನನ್ನು ಪುರೋಹಿತನೇ ಕಂಡೂ ಕಾಣದಂತೆ ಸಾಗಿಹೋಗಲು, ಅನ್ಯನೆನಿಸಿದ ಸಮಾರ್ಯದವನೊಬ್ಬನು ಎತ್ತಿ ಉಪಚರಿಸಿದನೆಂಬ ಬೈಬಲಿನ ದೃಷ್ಟಾಂತವೇ ಆಗಿದ್ದಿತು. ನಡುದಾರಿಯ ಓಣಿಯಲ್ಲಿ, ಬಾಗಿಲೊಂದರ ಬಳಿ, ಒಬ್ಬನು ತಲೆತಗ್ಗಿಸಿ ಕಣ್ಮುಚ್ಚಿ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿದ್ದನು. ಅವನು ಪ್ರಯೋಗದವರ ಆಳೆಂಬುದು ಇವರಿಗೆ ತಿಳಿಯದು. ಇನ್ನೂ ಹೊತ್ತಿದೆಯೆಂದು ಹೇಳಿ ಕಳುಹಿಸಿದವರಲ್ಲಿ ನೂರಕ್ಕೆ 63ರಷ್ಟು ಮಂದಿ ನೆರವಿಗೆ ಮುಂದಾದರು. ಆಗಲೇ ತಡವಾಯಿತೆಂದು ಅವಸರಪಡಿಸಿ ಅಟ್ಟಿದವರಲ್ಲಿ ನೂರಕ್ಕೆ 10ರಷ್ಟು ಮಾತ್ರ. ಭಾಷಣದ ವಿಷಯವಾಗಲಿ, ಹೃದಯದ ಧರ್ಮಶ್ರದ್ಧೆಯ ಬಗೆಯಾಗಲಿ ಯಾರು ನಿಲ್ಲುವರೆಂಬುದನ್ನು ನಿರ್ಣಯಿಸಲಿಲ್ಲ. ಸಮಾರ್ಯದವನ ಕಥೆ ಹೇಳಲು ಧಾವಿಸುತ್ತಿದ್ದ ಕೆಲವರು ನರಳುತ್ತಿದ್ದವನನ್ನು ಅಕ್ಷರಶಃ ದಾಟಿಕೊಂಡೇ ಹೋದರು.

ಕಲ್ಲೆದೆಯವರೆ? ಹಾಗೆನ್ನುವುದು ಸುಲಭ. ಆದರೆ ನಿಲ್ಲದೆ ಹೋದವರಲ್ಲಿ ಅನೇಕರು ಸೇರಬೇಕಾದ ಸ್ಥಳವನ್ನು ಸೇರಿದಾಗ ಉದ್ವಿಗ್ನರಾಗಿದ್ದರು. ಮುಂದೆ ಕಾದಿದ್ದವನಿಗೂ ಹಿಂದೆ ಬಿದ್ದಿದ್ದವನಿಗೂ ನಡುವೆ ಅವರ ಮನಸ್ಸು ಹರಿದುಹೋಗಿತ್ತು.

ಹೀಗೆ ಸ್ವಭಾವವನ್ನೇ ದೂರುವುದು ಮನುಷ್ಯಮಾತ್ರಕ್ಕೆ ಸಹಜವೋ, ಬೆಳೆಸಿದ ಸಮಾಜ ಕಲಿಸಿದುದೋ? ಈ ಪ್ರಶ್ನೆಯನ್ನು ಹೊತ್ತು ಜೋನ್ ಮಿಲ್ಲರ್ ಎಂಬ ವಿದುಷಿ ಬಂದುದು ನಮ್ಮ ಮೈಸೂರಿಗೇ. 1984ರಲ್ಲಿ ಪ್ರಕಟವಾದ ಆಕೆಯ ಅಧ್ಯಯನದಲ್ಲಿ ಶಿಕಾಗೋ ನಗರದವರನ್ನೂ ಮೈಸೂರಿನ ಹಿಂದೂಗಳನ್ನೂ ಪರಿಚಿತರ ನಡತೆಗೆ ಕಾರಣ ಕೇಳಲಾಗಿ, 8 ವರ್ಷದ ಮಕ್ಕಳ ಉತ್ತರಗಳಲ್ಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ವಯಸ್ಸು ಏರಿದಂತೆಲ್ಲ ಅಲ್ಲಿಯವರು ವ್ಯಕ್ತಿಯ ಗುಣದತ್ತಲೂ ಇಲ್ಲಿಯವರು ಸಂಬಂಧ, ಕರ್ತವ್ಯ, ಸಂದರ್ಭಗಳತ್ತಲೂ ವಾಲಿದರು. ಮೋಟಾರು ಸೈಕಲ್ಲಿನ ಚಕ್ರ ಒಡೆದು ಹಿಂದೆ ಕುಳಿತವನು ಬಿದ್ದು ತಲೆಗೆ ಪೆಟ್ಟಾಗಲು, ಅವನನ್ನು ಆಸ್ಪತ್ರೆಗೆ ಸೇರಿಸಿ, ಪೆಟ್ಟು ಎಂಥದೆಂದು ವೈದ್ಯರನ್ನು ವಿಚಾರಿಸದೆಯೇ ನ್ಯಾಯಾಲಯಕ್ಕೆ ನಡೆದ ವಕೀಲನೊಬ್ಬನ ಪ್ರಸಂಗ ಅದರಲ್ಲಿ ಬರುತ್ತದೆ, ಪೆಟ್ಟುತಿಂದವನು ಸತ್ತನು. ವಕೀಲನು ಹೊಣೆಗೇಡಿಯೆಂದು ಅಮೆರಿಕದವರೆಂದರೆ, ಕಕ್ಷಿದಾರನ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವುದು ಅವನ ಕರ್ತವ್ಯವಾಗಿತ್ತೆಂಬ ಸಮಾಧಾನ ನಮ್ಮವರದು.

ಈ ಉದಾರದೃಷ್ಟಿಗೆ ಹೆಮ್ಮೆಪಡಬೇಕೋ ನಾಚಬೇಕೋ ನನಗೆ ಸ್ಪಷ್ಟವಿಲ್ಲ. ವಕೀಲನೂ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗಳಂತೆ ಅವಸರದಲ್ಲಿದ್ದವನೇ ಸರಿ. ಆದರೆ ಸತ್ತವನ ಅಜ್ಜಿಯನ್ನು ಕೇಳಿದ್ದರೆ ಆಕೆ ಯಾವ ಗಾದೆಯನ್ನು ಹೇಳುತ್ತಿದ್ದಳೋ!