ಪೋಪ್ ಗ್ರೆಗೋರಿಯ ಕೊಳಗ

ಹಂಪೆಯ ಹಜಾರರಾಮ ಗುಡಿಯ ಗೋಡೆಗಳ ಮೇಲೆ ರಾಮಾಯಣದ ಕಥೆಯನ್ನು ಸಾಲುಸಾಲಾಗಿ ಕೆತ್ತಿದ್ದಾರೆ. ಯಶವಂತನಗರದಿಂದ ಅಲ್ಲಿಗೆ ಹೋದಾಗಲೆಲ್ಲ ನಾನೊಂದು ದೃಶ್ಯವನ್ನು ಕಾಣುತ್ತೇನೆ. ಓದುಬರಹವಿಲ್ಲದ ಹಿರಿಯರು ಮೊಮ್ಮಕ್ಕಳ ಕೈಹಿಡಿದು, ಒಂದೊಂದು ಶಿಲ್ಪಕ್ಕೂ ಬೆರಳು ತೋರಿ ಕಥೆ ಹೇಳುತ್ತ ಗೋಡೆಯುದ್ದಕ್ಕೂ ಸಾಗುತ್ತಾರೆ. ಬಲ್ಲವರಿಗೆ ಬರಹವು ಏನಾಗಿದೆಯೋ ಅಕ್ಷರ ಬಾರದವರಿಗೆ ಚಿತ್ರವು ಅದೇ ಆಗಿದೆ ಎಂಬ ವಿಚಾರ ಆಗ ನೆನಪಾಗುತ್ತದೆ. ಇದನ್ನು ಸಾವಿರದ ನಾನೂರು ವರ್ಷಗಳ ಹಿಂದೆ ತನ್ನ ಪತ್ರದಲ್ಲಿ ಬರೆದವನು ರೋಮಿನ ಪೋಪ್ ಒಂದನೆಯ ಗ್ರೆಗೋರಿ.

ಗ್ರೆಗೋರಿಯು ಸುಮಾರು 540ರಲ್ಲಿ ಸಿರಿವಂತ ಮನೆತನವೊಂದರಲ್ಲಿ ಹುಟ್ಟಿದನು. ಬಾದಾಮಿಯ ಗುಹಾಲಯದಲ್ಲಿ ಮಂಗಳೇಶನ 578ರ ಶಾಸನವನ್ನು ಕೆತ್ತಿದ ವೇಳೆಗೆ ಅವನು ನಡುವಯಸ್ಸಿನವನು. ಅದಕ್ಕೆ ಮೊದಲೇ ರೋಮ್ ನಗರದ ಮುಖ್ಯಾಧಿಕಾರಿಯಾಗಿದ್ದನು. ಆದರೆ ತಂದೆ ತೀರಿಕೊಂಡ ಮೇಲೆ ತನ್ನ ಮನೆಯನ್ನೇ ಮಠವಾಗಿ ಮಾರ್ಪಡಿಸಿ, ತಾನೂ ಅದರಲ್ಲೊಬ್ಬ ಸಂನ್ಯಾಸಿಯಾದನು. ಆ ಮೌನದ ದಿನಗಳಿಗಾಗಿ ಅವನು ಮುಂದೆ ಬಾಳಿನುದ್ದಕ್ಕೂ ಹಂಬಲಿಸಿದನು.

ಮೌನವು ಅವನಿಗೆ ದಕ್ಕಲಿಲ್ಲ. 589ರಲ್ಲಿ ಟೈಬರ್ ನದಿ ಉಕ್ಕಿ ಕಣಜಗಳು ಹಾಳಾದವು. ಬೆನ್ನಲ್ಲೇ ಪ್ಲೇಗು ಬಂದಿತು. 590ರ ಫೆಬ್ರವರಿಯಲ್ಲಿ ಪೋಪ್ ಎರಡನೆಯ ಪೆಲಾಗಿಯಸ್ ಅದಕ್ಕೆ ಬಲಿಯಾದನು. ಪಾದ್ರಿಗಳೂ ಪುರಜನರೂ ಗ್ರೆಗೋರಿಯನ್ನು ಆರಿಸಿದರು. ತಪ್ಪಿಸಿಕೊಳ್ಳಲು ಅವನು ಪಟ್ಟ ಪ್ರಯತ್ನ ಫಲಿಸಲಿಲ್ಲ. ಸೆಪ್ಟೆಂಬರ್ 3ರಂದು ಪೀಠವೇರಿದನು. ಹೀಗೇಕೆ ಹಿಂಜರಿದೆಯೆಂದು ಆಕ್ಷೇಪಿಸಿದ ಬಿಷಪ್ಪನೊಬ್ಬನಿಗೆ ಅವನು ಒಂದು ಗ್ರಂಥದ ಮೂಲಕವೇ ಉತ್ತರ ಕೊಟ್ಟನು. ಅಧಿಕಾರಕ್ಕೆ ಅಂಜುವುದು ವಿನಯ, ಆದರೆ ಪರರ ಹಿತಕ್ಕೆ ಬೇಕಾದಾಗಲೂ ಒಲ್ಲೆನೆಂದು ಹಟ ಹಿಡಿಯುವುದು ವಿನಯವಲ್ಲ ಎಂಬುದು ಅದರಲ್ಲಿ ಬರುವ ವಿವೇಕ. ಅವನು ತನ್ನನ್ನು ದೇವರ ಸೇವಕರ ಸೇವಕನೆಂದು ಕರೆದುಕೊಂಡನು. ಆಳಿನ ಆಳೆಂದು ಹೇಳಿಕೊಂಡ ಶರಣರನ್ನು ಬಲ್ಲ ನಮಗೆ ಈ ಪರಿ ಹೊಸದಲ್ಲ.

ಬಿರುದು ಧರಿಸುವುದು ಸುಲಭ. ಅದಕ್ಕೆ ತಕ್ಕಂತೆ ನಡೆಯುವುದು ಕಷ್ಟ. ಗ್ರೆಗೋರಿಯ ನಡೆಯನ್ನು ಅರಿಯಲು ಅವನ ಪತ್ರಗಳಿವೆ. 850ಕ್ಕೂ ಹೆಚ್ಚು ಉಳಿದು ಬಂದಿವೆ. ಸಿಸಿಲಿ ದ್ವೀಪದಲ್ಲಿ ರೋಮಿನ ಚರ್ಚಿಗೆ ವಿಸ್ತಾರವಾದ ಜಮೀನುಗಳಿದ್ದವು. ಅಲ್ಲಿನ ಮೇಲ್ವಿಚಾರಕ ಪೀಟರನಿಗೆ 591ರಲ್ಲಿ ಬರೆದ ದೀರ್ಘ ಪತ್ರವೊಂದು ಅಳತೆಯ ವಿಚಾರವನ್ನು ಹೇಳುತ್ತದೆ. ಮೋದಿಯಸ್ ಎಂಬುದು ನಮ್ಮ ಕೊಳಗದಂತೆ ಧಾನ್ಯ ಅಳೆಯುವ ಸಾಧನ. ಅದರ ವಾಡಿಕೆಯ ಅಳತೆ 16 ಸೆಕ್ಸ್ಟಾರಿ. ರೈತರಿಂದ 18ಕ್ಕಿಂತ ಹೆಚ್ಚು ಹಿಡಿಯುವ ಮೋದಿಯಸ್‌ನಲ್ಲಿ ಧಾನ್ಯ ಅಳೆದುಕೊಳ್ಳಕೂಡದು, ಕಳ್ಳ ತೂಕಗಳನ್ನು ಒಡೆದುಹಾಕಬೇಕು ಎಂದು ಗ್ರೆಗೋರಿ ವಿಧಿಸಿದನು. ಇದಕ್ಕಿಂತ ಮುಖ್ಯವಾದ ಮಾತೊಂದು ಕೊನೆಯಲ್ಲಿದೆ: ಈ ಪತ್ರವನ್ನು ಎಲ್ಲ ಜಮೀನುಗಳಲ್ಲಿಯೂ ರೈತರಿಗೆ ಓದಿ ಹೇಳಬೇಕು, ತಮ್ಮನ್ನು ಕಾಪಾಡಿಕೊಳ್ಳುವ ಬಗೆ ಅವರಿಗೆ ತಿಳಿಯಬೇಕು. ಅಕ್ಷರ ಬಾರದವನಿಗೂ ತನ್ನ ಹಕ್ಕು ಗೊತ್ತಿರಬೇಕೆಂದು ಅವನು ಬಯಸಿದನು.

ಬಿಷಪ್ ಸೆರೆನಸ್ಸನ ಪ್ರಸಂಗದಲ್ಲಿಯೂ ಇದೇ ಮನಸ್ಸು ಕಾಣುತ್ತದೆ. ಜನರು ಚಿತ್ರಗಳನ್ನು ಪೂಜಿಸುತ್ತಾರೆಂದು ಮಾರ್ಸೇಲ್ಸಿನ ಚರ್ಚುಗಳಲ್ಲಿ ಅವನು ಅವುಗಳನ್ನು ಒಡೆಸಿದನು. ಗ್ರೆಗೋರಿ 599ರಲ್ಲಿ, ಮತ್ತೆ 600ರಲ್ಲಿ ಅವನಿಗೆ ಬರೆದನು: ಪೂಜೆಯನ್ನು ತಡೆದುದು ಸರಿ, ಒಡೆಸಿದುದು ತಪ್ಪು, ಓದಲಾರದವರು ಗೋಡೆಯನ್ನು ನೋಡಿಯೇ ಓದುತ್ತಾರೆ. ನಾನು ಆರಂಭದಲ್ಲಿ ಹೇಳಿದ ವಿಚಾರ ಈ ಸಂದರ್ಭದ್ದು.

ಅವನಲ್ಲಿ ಕುಂದಿರಲಿಲ್ಲವೆಂದಲ್ಲ. ಸಾರ್ಡಿನಿಯದಲ್ಲಿ ಕ್ರೈಸ್ತರಾಗಲೊಪ್ಪದ ರೈತರ ಮೇಲೆ ಗೇಣಿಯ ಭಾರ ಹೇರಿ ಅವರನ್ನು ದಾರಿಗೆ ತರಬೇಕೆಂದು ಬರೆದವನೂ ಇವನೇ. ಸಿಸಿಲಿಯಲ್ಲಿ ನೇರವಾಗಿದ್ದ ಕೊಳಗ ಅಲ್ಲಿ ಡೊಂಕಾಯಿತು. ದೊಡ್ಡವರನ್ನು ಕುರಿತು ಮಾತನಾಡುವಾಗ ಇದನ್ನು ಮುಚ್ಚಿಡಲಾಗದು.

ಅಷ್ಟೇ ಅಲ್ಲ, ಬರಿಯ ಆಜ್ಞೆಯಿಂದ ಅನ್ಯಾಯ ನಿಲ್ಲಲಿಲ್ಲ. 603ರಲ್ಲಿ, ವಾತರೋಗದಿಂದ ಹಾಸಿಗೆ ಹಿಡಿದಿದ್ದಾಗ, ಸಿಸಿಲಿಯ ಜಮೀನೊಂದರಲ್ಲಿ 25 ಸೆಕ್ಸ್ಟಾರಿ ಹಿಡಿಯುವ ಮೋದಿಯಸ್ ಬಳಕೆಯಲ್ಲಿದ್ದ ಸುದ್ದಿ ಅವನಿಗೆ ತಲುಪಿತು. ಅಲ್ಲಿಯ ಅಧಿಕಾರಿ ಅದನ್ನು ಒಡೆದುಹಾಕಿದ್ದನು. ಗ್ರೆಗೋರಿಗೆ ಅಷ್ಟು ಸಾಲಲಿಲ್ಲ. ಮೋಸದಿಂದ ಬಂದುದೆಷ್ಟೆಂದು ಲೆಕ್ಕ ಹಾಕಿ, ಅದಕ್ಕೆ ಪ್ರತಿಯಾಗಿ ಹಸು, ಕುರಿ, ಹಂದಿಗಳನ್ನು ಕೊಂಡು ಬಡ ರೈತರಿಗೆ ಹಂಚಬೇಕೆಂದು ಬರೆಯಿಸಿದನು. ತನ್ನ ಕಣಜದಲ್ಲಿ ಆ ಪಾಪದ ಪಾಲು ಉಳಿಯಬಾರದೆಂಬುದು ಅವನ ಕಳವಳ. ಮರುವರ್ಷ, 604ರ ಮಾರ್ಚ್ 12ರಂದು ತೀರಿಕೊಂಡನು.

ಪೀಠಗಳ ಚರಿತ್ರೆಯಲ್ಲಿ ಕಿರೀಟಗಳ ವರ್ಣನೆಗೆ ಕೊರತೆಯಿಲ್ಲ. ನನಗಂತೂ ಗ್ರೆಗೋರಿಯ ನೆನಪಿನೊಡನೆ ಒಡೆದ ಆ ಕೊಳಗವೇ ಕಣ್ಮುಂದೆ ಬರುತ್ತದೆ. ಧರ್ಮವು ಗುಡಿಯ ಗೋಡೆಯ ಮೇಲೆ ಕಾಣಿಸಿದರೆ ಸಾಲದು, ಕಣದಲ್ಲಿ ರಾಶಿ ಅಳೆಯುವಾಗಲೂ ಕಾಣಿಸಬೇಕು.